ಗುಲಾಬಿಯೂ ಮೈಕಾಂತಿಯೂ

ಮದುವೆಯ ಚಪ್ಪರದ ಬಾಗಿಲಲ್ಲಿ ಬಂದವರ ಮೇಲೆ ಪನ್ನೀರು ಚಿಮುಕಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಉಪಚಾರ. ಅದೇ ಪನ್ನೀರಿನಲ್ಲಿ ಗಂಧವನ್ನೋ ಕಡಲೆಹಿಟ್ಟನ್ನೋ ಕಲಸಿ ಮುಖಕ್ಕೆ ಹಚ್ಚುವುದೂ ಉಂಟು. ಗುಲಾಬಿಯಿಂದ ಚರ್ಮಕ್ಕೆ ಒಳಿತೆಂಬ ಈ ನಂಬಿಕೆ ಎಲ್ಲಿಂದ ಬಂದಿತು, ಅದರಲ್ಲಿ ನಿಜವೆಷ್ಟು ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಮೊದಲು ಹೆಸರನ್ನೇ ನೋಡಬಹುದು. ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಆ ನಾಡಿನವರಿಗೆ ‘ಗುಲಾಬ್’ ಎಂಬುದು ಹೂವಲ್ಲ, ಹೂವಿನಿಂದ ಇಳಿಸಿದ ನೀರು. ನಾವಾದರೋ ನೀರಿನ ಹೆಸರನ್ನು ಹೂವಿಗೆ ಕೊಟ್ಟು, ನೀರನ್ನು ಪನ್ನೀರೆಂದು ಕರೆದೆವು. ಚರಕಸಂಹಿತೆಯು ಮೈಬಣ್ಣಕ್ಕೆ ಹಿತವಾದ ಹತ್ತು ದ್ರವ್ಯಗಳನ್ನು ಎಣಿಸುವಾಗ ಚಂದನ, ಲಾವಂಚ, ಮಂಜಿಷ್ಠ, ಅತಿಮಧುರ ಮೊದಲಾದುವನ್ನು ಹೇಳುತ್ತದೆ, ಗುಲಾಬಿ ಅಲ್ಲಿಲ್ಲ. 16ನೆಯ ಶತಮಾನದ ಭಾವಪ್ರಕಾಶದಲ್ಲಿ, ವೈದ್ಯರು ಗುಲಾಬಿಯೆಂದು ಗ್ರಹಿಸುವ ಶತಪತ್ರಿಗೆ ತಂಪು ಮತ್ತು ವರ್ಣ್ಯ ಎಂಬ ಗುಣಗಳು ಸಂದಿವೆ. ಅಷ್ಟರಲ್ಲಿ ನಮ್ಮ ಜನಕ್ಕೆ ಈ ಹೂವಿನ ಮೋಹ ಹತ್ತಿಯಾಗಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನು, ಇಲ್ಲಿನವರು ಗುಲಾಬಿಯನ್ನು ಅನ್ನದಷ್ಟೇ ಅವಶ್ಯವೆಂದು ಎಣಿಸುತ್ತಾರೆಂದು ಬರೆದಿದ್ದಾನೆ.

ಪಶ್ಚಿಮದಲ್ಲಿ ಈ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. 2ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ವೈದ್ಯ ಗೇಲನ್, ಗುಲಾಬಿಯ ದಳಗಳನ್ನು ನೆನೆಸಿದ ಎಣ್ಣೆಯಲ್ಲಿ ಜೇನುಮೇಣವನ್ನು ಕರಗಿಸಿ, ನೀರು ಸೇರಿಸಿ ಕಡೆದು ಒಂದು ಲೇಪವನ್ನು ಮಾಡುತ್ತಿದ್ದನು. ಇಂದಿನ ಕೋಲ್ಡ್ ಕ್ರೀಮಿನ ಮೂಲಪುರುಷ ಅದೇ. ನೀರು ಆರುವಾಗ ಮೈ ತಂಪಾಗುವುದು. ಉಳಿದ ಮೇಣವೂ ಎಣ್ಣೆಯೂ ಚರ್ಮದ ತೇವ ಹೊರಹೋಗದಂತೆ ತಡೆಯುವುವು. ಇಲ್ಲಿ ಹೆಚ್ಚಿನ ಕೆಲಸ ಮೇಣದ್ದು, ಎಣ್ಣೆಯದು. ಪರಿಮಳ ಗುಲಾಬಿಯದು ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಹೂವನ್ನು ಭಟ್ಟಿಯಿಳಿಸುವ ವಿದ್ಯೆಯನ್ನು ಬೆಳೆಸಿದವರು ಅರಬರು ಮತ್ತು ಪಾರಸಿಕರು. 9ನೆಯ ಶತಮಾನದಲ್ಲಿ ಪಾರಸದ ಫಾರ್ಸ್ ಪ್ರಾಂತವು ಬಗ್ದಾದಿನ ಖಲೀಫನಿಗೆ ವರ್ಷವರ್ಷವೂ 30,000 ಶೀಶೆ ಪನ್ನೀರನ್ನು ಕಪ್ಪವಾಗಿ ಒಪ್ಪಿಸುತ್ತಿತ್ತೆಂದು ಇಬ್ನ್ ಖಲ್ದೂನನು ತಿಳಿಸುತ್ತಾನೆ. ನಮ್ಮ ದೇಶದಲ್ಲಿ, ನೂರ್ ಜಹಾನಳ ತಾಯಿಯು ಬಿಸಿ ಪನ್ನೀರನ್ನು ಪಾತ್ರೆಗಳಿಗೆ ಬಗ್ಗಿಸುವಾಗ ಮೇಲೆ ತೇಲಿದ ಕೆನೆಯನ್ನು ಕಂಡು, ಅದನ್ನು ಕೂಡಿಸಿಟ್ಟಳೆಂದೂ, ಅದೇ ಗುಲಾಬಿಯ ಅತ್ತರೆಂದೂ ಜಹಾಂಗೀರ್ ಬಾದಶಹನು ತನ್ನ ಆತ್ಮಕಥೆಯಲ್ಲಿ ಹೇಳಿ, ಆಕೆಗೆ ಮುತ್ತಿನ ಹಾರವನ್ನು ಬಹುಮಾನಿಸಿದುದನ್ನೂ ಬರೆದಿದ್ದಾನೆ.

ಈ ಕೆನೆ ಎಷ್ಟು ದುರ್ಲಭವೆಂಬುದಕ್ಕೆ ಒಂದು ಲೆಕ್ಕವಿದೆ. 1824ರಲ್ಲಿ ಗಾಜೀಪುರದ ಗುಲಾಬಿ ತೋಟಗಳನ್ನು ಕಂಡ ಬಿಷಪ್ ಹೀಬರ್, ಒಂದು ರೂಪಾಯಿ ತೂಕದ ಅತ್ತರಿಗೆ 2 ಲಕ್ಷ ಹೂವು ಬೇಕೆಂದೂ, ಪೇಟೆಯಲ್ಲಿ ಅದಕ್ಕೆ ಗಂಧದೆಣ್ಣೆಯನ್ನು ಬೆರಸುವರೆಂದೂ ಬರೆದನು. ಕನೌಜಿನ ಅತ್ತರುಗಾರರು ತಾಮ್ರದ ಹಂಡೆಯಿಂದ ಬರುವ ಹೂವಿನ ಹಬೆಯನ್ನು ಗಂಧದೆಣ್ಣೆಯ ಮೇಲೆ ಇಳಿಸುವುದು ಹಳೆಯ ಸಂಪ್ರದಾಯ. ಗಂಧದ ನಾಡಿನವರಾದ ನಮಗೆ ಈ ಕೂಟ ಹಿತವೇ. ಹಾಗೆ ಇಳಿಸುವುದು ಮೋಸವಲ್ಲ. ಅದನ್ನು ಕಲಬೆರಕೆಯಿಲ್ಲದ ಗುಲಾಬಿ ತೈಲವೆಂದು ಮಾರುವುದು ಮೋಸ. ಎರಡು ಲಕ್ಷ ಹೂವಿನ ಸಾರ ಅಗ್ಗದ ಬೆಲೆಗೆ ದೊರೆತರೆ, ಶೀಶೆಯಲ್ಲಿರುವುದು ಗುಲಾಬಿಯಲ್ಲವೆಂದು ನಾವು ತಿಳಿಯತಕ್ಕದ್ದು.

ಹಾಗಾದರೆ ಪನ್ನೀರಿನ ಗುಣವೇನು? ಭಟ್ಟಿಯಲ್ಲಿ ತೈಲದ ಬಹುಭಾಗ ಮೇಲೆ ತೇಲುವುದು. ನೀರಿನಲ್ಲಿ ಕರಗುವ ಫೀನೈಲ್ ಈಥೈಲ್ ಆಲ್ಕೊಹಾಲ್ ಎಂಬ ಸುಗಂಧದ್ರವ್ಯ ಪನ್ನೀರಿನಲ್ಲಿ ಉಳಿಯುವುದು. ಬಿಸಿಲಿನಿಂದ ಬಂದವರ ಮುಖಕ್ಕೆ ಇದು ತಂಪು. ಲೇಪವನ್ನು ಕಲಸುವುದಕ್ಕೆ ಹಿತವಾದ ನೀರು. ಕಪ್ಪು ಬಣ್ಣವನ್ನು ಬಿಳುಪು ಮಾಡುವ ಶಕ್ತಿಯಾಗಲಿ, ವಯಸ್ಸನ್ನು ಹಿಂದಿರುಗಿಸುವ ಶಕ್ತಿಯಾಗಲಿ ಇದಕ್ಕಿಲ್ಲ. ಒಣಗಿದ ಚರ್ಮಕ್ಕೆ ಬರಿಯ ಪನ್ನೀರು ಸಾಲದು. ಗೇಲನನ ಕಾಲದಂತೆ ಎಣ್ಣೆಯೋ ಮೇಣವೋ, ಇಲ್ಲವೆ ಗ್ಲಿಸರಿನ್ನೋ ಜೊತೆಗೆ ಬೇಕು. ಗುಲಾಬಿಯ ಪರಿಮಳದ್ರವ್ಯಗಳು ಕೆಲವರ ಮೈಗೆ ಒಗ್ಗದೆ ಕೆಂಪು, ತುರಿಕೆಗಳನ್ನು ತರುವುದೂ ಉಂಟು. ಆದುದರಿಂದ ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದೆರಡು ದಿನ ನೋಡುವುದು ಜಾಣತನ.

ಇಷ್ಟನ್ನು ಹೇಳಿದುದರಿಂದ ಗುಲಾಬಿಯ ಗೌರವ ಕಡಮೆಯಾಗದು. ರೋಮಿನ ವೈದ್ಯನೂ ಮೊಗಲರ ಅಂತಃಪುರದ ಗೃಹಿಣಿಯೂ ನಮ್ಮ ಅಜ್ಜಿಯರೂ ಒಂದೇ ಹೂವಿಗೆ ಕೈಚಾಚಿದುದು ಬರಿಯ ಭ್ರಾಂತಿಯಲ್ಲ. ಮೈಯ ಆರೈಕೆ ಬೇಸರದ ಕೆಲಸವಾಗದಂತೆ ಮಾಡುವುದೇ ಒಂದು ಉಪಕಾರ. ಅದಕ್ಕಿಂತ ಹೆಚ್ಚಿನದನ್ನು ಈ ಹೂವಿನ ಹೆಸರಿನಲ್ಲಿ ಯಾರಾದರೂ ಮಾರಬಂದರೆ, ಎರಡು ಲಕ್ಷ ಹೂವಿನ ಲೆಕ್ಕವನ್ನು ನೆನೆದು, ಪನ್ನೀರನ್ನು ಪನ್ನೀರೆಂದೇ ಕೊಂಡು ಬರೋಣ.