ರಾಸಾಯನಿಕಗಳ ಹಾನಿಗೆ ಸಸ್ಯಗಳ ಆಂಟಿಆಕ್ಸಿಡೆಂಟ್: ರಕ್ಷಣೆ ಎಷ್ಟು?

ಕಾರ್ಖಾನೆಗಳಲ್ಲಿ ಬಳಸುವ ಹಲವು ರಾಸಾಯನಿಕಗಳು ಉಸಿರು ಇಲ್ಲವೇ ಚರ್ಮದ ಮೂಲಕ ದೇಹ ಸೇರಿ ಯಕೃತ್ತು (ಲಿವರ್), ಮೂತ್ರಪಿಂಡ, ಶ್ವಾಸಕೋಶಗಳಿಗೆ ಹಾನಿ ಮಾಡುತ್ತವೆ. ಅರಿಸಿನ, ನೆಲ್ಲಿಕಾಯಿ, ನೆಲನೆಲ್ಲಿ ಮುಂತಾದವುಗಳಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಈ ಹಾನಿಯನ್ನು ತಡೆಯುತ್ತವೆ ಎಂಬ ಮಾತು ಪ್ರಚಾರದಲ್ಲಿದೆ. ಇದರಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದು ಬೇರೆ, ಮನುಷ್ಯರಲ್ಲಿ ಸಾಬೀತಾದದ್ದು ಬೇರೆ.

ಹಾನಿ ಹೇಗಾಗುತ್ತದೆ?

ಕಾರ್ಬನ್ ಟೆಟ್ರಾಕ್ಲೋರೈಡ್ ಇದಕ್ಕೆ ಉತ್ತಮ ಉದಾಹರಣೆ. ಬಣ್ಣವಿಲ್ಲದ, ಸಿಹಿ ವಾಸನೆಯ ಈ ದ್ರವವನ್ನು ಹಿಂದೆ ಡ್ರೈಕ್ಲೀನಿಂಗ್‌ಗೆ, ಯಂತ್ರಗಳ ಜಿಡ್ಡು ತೆಗೆಯಲು ಹಾಗೂ ಬೆಂಕಿ ಆರಿಸಲು ಬಳಸುತ್ತಿದ್ದರು. ಅಮೆರಿಕ 1970ರಲ್ಲಿ ಇದರ ಗೃಹಬಳಕೆಯನ್ನು ನಿಷೇಧಿಸಿತು. ಓಜೋನ್ ಪದರಕ್ಕೂ ಹಾನಿಕರವಾದ್ದರಿಂದ 1990ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು. ಬೇರೆ ರಾಸಾಯನಿಕಗಳ ತಯಾರಿಕೆಗೆ ಕಚ್ಚಾವಸ್ತುವಾಗಿ ಇಂದಿಗೂ ಬಳಕೆಯಲ್ಲಿದೆ.

ಯಕೃತ್ತಿನ ಕಿಣ್ವಗಳು ಇದನ್ನು ಒಡೆದಾಗ ‘ಫ್ರೀ ರ‍್ಯಾಡಿಕಲ್’ ಎಂಬ ಅಸ್ಥಿರ ಕಣಗಳು ಹುಟ್ಟುತ್ತವೆ. ಇವು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತವೆ. ಕೋಶ ಸೋರಿ ಸಾಯುತ್ತದೆ. ಇಂತಹ ಕಣಗಳನ್ನು ತಣಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ದೇಹವೇ ತಯಾರಿಸುವ ಗ್ಲುಟಥಯೋನ್ ಅವುಗಳಲ್ಲಿ ಮುಖ್ಯವಾದುದು. ವಿಷ ಹೆಚ್ಚಾದರೆ ಅದು ಸಾಲದಾಗುತ್ತದೆ. ಸದಾ ಮದ್ಯ ಕುಡಿಯುವವರಲ್ಲಿ ವಿಷವನ್ನು ಒಡೆಯುವ ಕಿಣ್ವ ಹೆಚ್ಚಿರುವುದರಿಂದ ಹಾನಿಯೂ ಹೆಚ್ಚು.

ಇಲಿಗಳ ಮೇಲಿನ ಪ್ರಯೋಗ

ಇದೇ ರಾಸಾಯನಿಕವನ್ನು ಇಲಿಗಳಿಗೆ ಕೊಟ್ಟು ಮೂಲಿಕೆಗಳ ಗುಣ ಪರೀಕ್ಷಿಸುವುದು ಪ್ರಯೋಗಾಲಯಗಳ ರೂಢಿ. ಅರಿಸಿನದ ಕರ್ಕ್ಯುಮಿನ್, ನೆಲಬೇವಿನ ಆಂಡ್ರೋಗ್ರಾಫೊಲೈಡ್ ಮತ್ತು ನೆಲನೆಲ್ಲಿಯ ಸಾರ ಇಲಿಗಳ ಯಕೃತ್ತಿನ ಹಾನಿಯನ್ನು ಕಡಿಮೆ ಮಾಡಿದ್ದು ನಿಜ. ನೆಲನೆಲ್ಲಿ ಗಡಿನಾಡಿನವರೆಲ್ಲರಿಗೂ ಪರಿಚಿತ ಗಿಡ. ಮಲಯಾಳಂನಲ್ಲಿ ಕೀಳಾರ್‌ನೆಲ್ಲಿ, ತಮಿಳಿನಲ್ಲಿ ಕೀಳಾನೆಲ್ಲಿ, ತೆಲುಗಿನಲ್ಲಿ ನೇಲ ಉಸಿರಿ, ಮರಾಠಿಯಲ್ಲಿ ಭುಯಿ ಆವಳಾ ಎನ್ನುತ್ತಾರೆ.

ಆದರೆ ಇಂತಹ ಪ್ರಯೋಗಗಳಲ್ಲಿ ಅನೇಕ ವೇಳೆ ಸಾರವನ್ನು ವಿಷಕ್ಕಿಂತ ಮೊದಲೇ, ದೇಹತೂಕಕ್ಕೆ ಹೋಲಿಸಿದರೆ ದೊಡ್ಡ ಪ್ರಮಾಣದಲ್ಲಿ ಕೊಡಲಾಗುತ್ತದೆ. ಕಾರ್ಮಿಕನ ದೇಹಕ್ಕೆ ವಿಷ ಸೇರುವುದು ದಿನವೂ ಸ್ವಲ್ಪ ಸ್ವಲ್ಪವಾಗಿ, ವರ್ಷಗಟ್ಟಲೆ. ಮೇಲಾಗಿ ತಿಂದ ಕರ್ಕ್ಯುಮಿನ್‌ನಲ್ಲಿ ಬಹಳ ಸ್ವಲ್ಪ ಮಾತ್ರ ರಕ್ತ ಸೇರುತ್ತದೆ.

ಕಾರ್ಮಿಕರಲ್ಲಿ ಕಂಡದ್ದೇನು?

ಅಮೆರಿಕದ ‘ಕ್ಯಾರೆಟ್’ ಹೆಸರಿನ ಅಧ್ಯಯನದಲ್ಲಿ 18,314 ಜನರಿದ್ದರು. ಇವರು ಧೂಮಪಾನಿಗಳು, ಅದನ್ನು ಬಿಟ್ಟವರು ಹಾಗೂ ಕಲ್ನಾರಿನ ಧೂಳಿನಲ್ಲಿ ದುಡಿದ ಕಾರ್ಮಿಕರು. ಅರ್ಧದಷ್ಟು ಜನರಿಗೆ ಗಜ್ಜರಿಯ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟೀನ್ ದಿನಕ್ಕೆ 30 ಮಿಲಿಗ್ರಾಂ ಹಾಗೂ ‘ಎ’ ಜೀವಸತ್ವ ಕೊಡಲಾಯಿತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಅವರಲ್ಲಿ ಶೇ. 28ರಷ್ಟು ಹೆಚ್ಚಾಯಿತು, ಸಾವು ಶೇ. 17ರಷ್ಟು ಹೆಚ್ಚಿತು. 1996ರ ಜನವರಿಯಲ್ಲಿ ಅವಧಿಗೆ 21 ತಿಂಗಳು ಮೊದಲೇ ಮಾತ್ರೆ ನಿಲ್ಲಿಸಲಾಯಿತು. ಗಜ್ಜರಿ ತಿಂದದ್ದರಿಂದ ಆದ ತೊಂದರೆ ಇದಲ್ಲ, ದೊಡ್ಡ ಪ್ರಮಾಣದ ಮಾತ್ರೆಯಿಂದ ಆದದ್ದು.

ಯಕೃತ್ತಿನ ವಿಷಯದಲ್ಲೂ ಎಚ್ಚರ ಬೇಕು. 2019ರಲ್ಲಿ ಇಟಲಿಯಲ್ಲಿ ಅರಿಸಿನದ ಪೂರಕ ಮಾತ್ರೆ ಸೇವಿಸಿದವರಲ್ಲಿ, 2021ರಲ್ಲಿ ಮುಂಬೈಯಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ವರದಿಯಾಯಿತು. ಅಮೃತಬಳ್ಳಿ ಕುರಿತ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ.

ಕೆಲಸದಲ್ಲಿ ವಹಿಸಬೇಕಾದ ಎಚ್ಚರ

* ಥಿನ್ನರ್, ದ್ರಾವಕಗಳನ್ನು ಗಾಳಿ ಆಡುವ ಕಡೆ ಬಳಸಬೇಕು. ಬಾಯಿಗೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯದು.
* ಅವುಗಳಿಂದ ಕೈ ತೊಳೆಯಬಾರದು. ನೀರಿನ ಬಾಟಲಿಯಲ್ಲಿ ತುಂಬಿಡಬಾರದು.
* ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.
* ಸೊಪ್ಪು, ತರಕಾರಿ, ನೆಲ್ಲಿಕಾಯಿ, ಅಡುಗೆಯ ಅರಿಸಿನ ಎಂದಿನಂತೆ ಸೇವಿಸಬಹುದು. ಇವು ಆಹಾರವೇ ಹೊರತು ವಿಷಕ್ಕೆ ಮದ್ದಲ್ಲ.

ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಹಸಿವಿಲ್ಲದಿರುವುದು, ವಾಂತಿ ಇವು ಯಕೃತ್ತಿನ ತೊಂದರೆಯ ಲಕ್ಷಣಗಳು. ಕಾಮಾಲೆಗೆ ನಾಟಿ ಔಷಧಿ ಮಾಡಿಸುತ್ತಾ ದಿನ ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು. ಆಸ್ಪತ್ರೆಗೆ ಹೋಗುವಾಗ ರಾಸಾಯನಿಕದ ಡಬ್ಬಿಯ ಲೇಬಲ್ ಜೊತೆಗಿರಲಿ. ವೈದ್ಯರ ಭಾಷೆ ಯಾವುದೇ ಇರಲಿ, ವಿಷದ ಹೆಸರು ಅದರಿಂದ ಅವರಿಗೆ ತಿಳಿಯುತ್ತದೆ.