ದಾರ ಹೇಳೋ ದೂರ, ದೊರೆ ಹೇಳೋ ದೂರ

ಮನೆಯಲ್ಲಿ ಗ್ಲೋಬ್ ಇದ್ದರೆ ಎತ್ತಿಕೊಳ್ಳಿ. ಜೊತೆಗೊಂದು ದಾರ. ಒಂದು ತುದಿ ಫಿನ್ಲೆಂಡಿನ ಹೆಲ್ಸಿಂಕಿ ಮೇಲೆ, ಇನ್ನೊಂದು ಟೋಕಿಯೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಅದೇ ಅತಿ ಹತ್ತಿರದ ದಾರಿ. ಸುಮಾರು 7,800 ಕಿಲೋಮೀಟರ್. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆದರೆ ಲೆಕ್ಕ ತಪ್ಪುತ್ತೆ, ಭೂಮಿ ಚಪ್ಪಟೆ ಅಲ್ಲವಲ್ಲ! ವಿಮಾನದ ವೇಗ ಗಂಟೆಗೆ 850ರಿಂದ 900 ಕಿಲೋಮೀಟರ್ ಅಂತ ಹಿಡಿಯಿರಿ. ಏರೋಕೆ, ಇಳಿಯೋಕೆ ಒಂದಿಷ್ಟು ಸೇರಿಸಿ. ಒಂಬತ್ತೂವರೆ ಗಂಟೆ. ಎಂಜಿನಿಯರಿಂಗ್ ಹುಡುಗನ ಲೆಕ್ಕ ಇಲ್ಲಿಗೆ ಮುಗೀತು.

ಮುಗೀಲಿಲ್ಲ ಸ್ವಾಮಿ. ಆ ದಾರದ ಕೆಳಗೆ ಯಾರ ನೆಲ ಇದೆ ನೋಡಿದಿರಾ? ಹೆಚ್ಚೂಕಮ್ಮಿ ಅಷ್ಟೂ ರಷ್ಯಾ.

ಶೀತಲ ಸಮರದ ಕಾಲದಲ್ಲಿ ಸೈಬೀರಿಯಾದ ಆಕಾಶಕ್ಕೆ ಬೀಗ ಬಿದ್ದಿತ್ತು. 1957ರಲ್ಲಿ ಎಸ್‌ಎಎಸ್ ಕಂಪನಿಯ ವಿಮಾನಗಳು ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ಕಡೆಯಿಂದ ಬಳಸಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊ ಸೇರತೊಡಗಿದವು. 1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಿಸಿ-10 ವಿಮಾನಕ್ಕೆ ಹೆಚ್ಚುವರಿ ಇಂಧನ ತುಂಬಿಸಿ, ಧ್ರುವ ದಾಟಿ, ಬೇರಿಂಗ್ ಜಲಸಂಧಿ ಹಾದು, ನಡುವೆ ಎಲ್ಲೂ ಇಳಿಯದೆ ಟೋಕಿಯೊ! ಸುಮಾರು 13 ಗಂಟೆ. ಪ್ರಯಾಣಿಕರಿಗೆ ಧ್ರುವ ದಾಟಿದ ಪ್ರಮಾಣಪತ್ರ ಬೇರೆ.

ಇಷ್ಟೊಂದು ಬಳಸಿ ಹೋಗಬೇಕಿತ್ತಾ? ಉತ್ತರ ಅದೇ ವರ್ಷ ಸಿಕ್ಕಿತು. ಸೆಪ್ಟೆಂಬರ್ 1. ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್ ವಿಮಾನ 007 ದಾರಿ ತಪ್ಪಿತು. ಆಟೋಪೈಲಟ್ ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುವ ಬದಲು ಒಂದೇ ದಿಕ್ಕು ಹಿಡಿದು ಹೋಗುತ್ತಿತ್ತು ಅಂತ ತನಿಖೆಯಲ್ಲಿ ಗೊತ್ತಾಗಿದ್ದು ಆಮೇಲೆ. ಕಮ್‌ಚಾಟ್ಕಾ ದಾಟಿ ಸಖಾಲಿನ್ ತಲುಪುವಷ್ಟರಲ್ಲಿ ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ಒಳಗಿದ್ದ 269 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಿಮ್ಮ ಮೊಬೈಲ್‌ನಲ್ಲಿ ಇವತ್ತು ದಾರಿ ತೋರಿಸುತ್ತಲ್ಲ ಜಿಪಿಎಸ್, ಅದನ್ನು ನಾಗರಿಕರ ಬಳಕೆಗೂ ಕೊಡುತ್ತೇವೆ ಅಂತ ಅಮೆರಿಕದ ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿದ್ದು ಈ ದುರಂತದ ಬೆನ್ನಲ್ಲೇ.

ಆಮೇಲೆ ಕ್ರಮೇಣ ಸೈಬೀರಿಯಾ ತೆರೆದುಕೊಂಡಿತು. ಪುಕ್ಕಟೆ ಅಲ್ಲ, ಮೇಲೆ ಹಾರೋದಕ್ಕೂ ರಷ್ಯಾ ಶುಲ್ಕ ಕೀಳುತ್ತಿತ್ತು. ಇರಲಿ ಬಿಡಿ, ದಾರದ ಲೆಕ್ಕ ಕಡೆಗೂ ನಿಜವಾಯಿತು. ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮದೇ ಅಂತ ಹೇಳಿಕೊಂಡೇ ಫಿನ್‌ಏರ್ ವ್ಯಾಪಾರ ಬೆಳೆಸಿತು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಯುರೋಪ್ ತನ್ನ ಆಕಾಶ ಮುಚ್ಚಿತು, ರಷ್ಯಾ ತನ್ನದನ್ನು ಮುಚ್ಚಿತು. ಮಾರ್ಚ್‌ನಲ್ಲಿ ಫಿನ್‌ಏರ್ ಮತ್ತೆ ಟೋಕಿಯೊಗೆ ಹೊರಟಿದ್ದು ಯಾವ ದಾರಿಯಲ್ಲಿ? ಅದೇ ಉತ್ತರ ಧ್ರುವದ ಮೇಲೆ. ಅದೇ 13 ಗಂಟೆ. ಸುಮಾರು ನಲವತ್ತು ವರ್ಷದಲ್ಲಿ ವಿಮಾನ ಬದಲಾಯಿತು, ಎಂಜಿನ್ ಬದಲಾಯಿತು, ಗಡಿಯಾರ ಮಾತ್ರ ವಾಪಸ್ 1983ಕ್ಕೆ! ಪ್ರಯಾಣಿಕರ ಕೈಗೆ ಮತ್ತೆ ಪ್ರಮಾಣಪತ್ರ.

ಗ್ಲೋಬ್ ಇನ್ನೂ ಕೈಯಲ್ಲೇ ಇದೆಯಾ? ದಾರವನ್ನು ದೆಹಲಿಯಿಂದ ಲಂಡನ್‌ಗೆ ಎಳೆಯಿರಿ. ಅದು ಮೊದಲು ದಾಟುವ ಗಡಿ ಪಾಕಿಸ್ತಾನದ್ದು. 2025ರ ಏಪ್ರಿಲ್‌ನಲ್ಲಿ ಆ ಆಕಾಶವೂ ನಮ್ಮ ವಿಮಾನಗಳಿಗೆ ಮುಚ್ಚಿತು.