ಮುಡಿ, ಬಳೆ, ಕುಂಕುಮ: ಇಂದ್ರಕೀಲಾದ್ರಿಯ ಪರಿಸರದಲ್ಲಿ ಸ್ತನ ಕ್ಯಾನ್ಸರ್‌ನ ಮನೋವೇದನೆ

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹೆಣ್ಣು ತನ್ನ ದೇಹವನ್ನು ಹೇಗೆ ಕಾಣುತ್ತಾಳೆ ಎಂದು ಅಳೆಯಲು ಹಾಪ್‌ವುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ 10 ಪ್ರಶ್ನೆಗಳ ಮಾಪಕ ಇಂದಿಗೂ ಬಳಕೆಯಲ್ಲಿದೆ. ಆಕರ್ಷಣೆ ಕುಂದಿತೆನಿಸುತ್ತದೆಯೇ, ಬೆತ್ತಲೆ ಮೈ ನೋಡಿಕೊಳ್ಳಲು ಕಷ್ಟವೇ, ಗಾಯದ ಕಲೆ ಬೇಸರ ತರುತ್ತದೆಯೇ ಎಂದು ಅದು ವಿಚಾರಿಸುತ್ತದೆ. ಬೇಕಾದ ಪ್ರಶ್ನೆಗಳೇ, ಆದರೆ ಬಹುಪಾಲು ಕನ್ನಡಿಯೆದುರು ಒಬ್ಬಳೇ ನಿಂತವಳಿಗೆ ಕೇಳುವಂಥವು. ಅರಿಸಿನ-ಕುಂಕುಮಕ್ಕೆ ಕರೆಯುವ ಮನೆಗಳಲ್ಲಿ ಆಕೆಯ ಸ್ಥಾನ ಏನಾಯಿತೆಂಬುದು ಅಲ್ಲಿಲ್ಲ. ನಮ್ಮ ಕಡೆಯ ನೋವಿನ ದೊಡ್ಡ ಪಾಲು ಅಲ್ಲೇ ಇದೆ ಎಂಬುದು ನನ್ನ ವಾದ.

ಅದು ಸ್ಪಷ್ಟವಾಗಿ ಕಾಣುವ ಒಂದು ಜಾಗವಿದೆ. ಕುಮಾರವ್ಯಾಸನ ಓದುಗರಿಗೆ ಇಂದ್ರಕೀಲ ಅರ್ಜುನನ ತಪಸ್ಸಿನ ತಾಣ. ಸ್ಥಳೀಯ ನಂಬಿಕೆಯಂತೆ ಆ ಬೆಟ್ಟವೇ ವಿಜಯವಾಡದಲ್ಲಿ ಕೃಷ್ಣೆಯ ದಡದ ಇಂದ್ರಕೀಲಾದ್ರಿ, ಕನಕದುರ್ಗೆಯ ನೆಲೆ. ಕುಂಕುಮಾರ್ಚನೆ ಇಲ್ಲಿನ ಮುಖ್ಯ ಸೇವೆ. ಕಾರ್ತಿಕದಲ್ಲಿ ದೇವಿಗೆ ಗಾಜಿನ ಬಳೆಗಳ ಅಲಂಕಾರ. ಹರಕೆ ಹೊತ್ತವರು, ಹೆಂಗಸರೂ ಸೇರಿ, ಮುಡಿ ಕೊಡುತ್ತಾರೆ. ಕುಂಕುಮ, ಬಳೆ, ಮುಡಿ: ಕ್ಯಾನ್ಸರ್ ಚಿಕಿತ್ಸೆ ನೇರವಾಗಿಯೋ ಬಳಸಿಯೋ ಮುಟ್ಟುವುದು ಈ ಮೂರನ್ನೇ.

ಕೂದಲನ್ನೇ ನೋಡೋಣ. ಆಂಥ್ರಾಸೈಕ್ಲಿನ್, ಟ್ಯಾಕ್ಸೇನ್ ಗುಂಪಿನ ಕೀಮೋಥೆರಪಿ ಔಷಧಿ ಶುರುವಾದ ಎರಡು-ಮೂರು ವಾರಗಳಲ್ಲಿ ತಲೆಗೂದಲು ಉದುರತೊಡಗುತ್ತದೆ. ಮತ್ತೆ ಬೆಳೆಯುತ್ತದೆಂದು ವೈದ್ಯರು ಧೈರ್ಯ ಹೇಳುತ್ತಾರೆ, ಬೆಳೆಯುತ್ತದೆ ಕೂಡ. ಆದರೆ ವಿಧವೆಯ ತಲೆ ಬೋಳಿಸುತ್ತಿದ್ದ ಕಾಲ ತೆಲುಗು, ಕನ್ನಡ ನಾಡುಗಳ ಕೆಲವು ಸಮುದಾಯಗಳಿಗೆ ಬಹಳ ಹಿಂದಿನದಲ್ಲ. ಗಂಡ ಬದುಕಿರುವಾಗಲೇ ಬೋಳುತಲೆಯಾದವಳಿಗೆ ಸೌಂದರ್ಯಕ್ಕಿಂತ ಮುತ್ತೈದೆತನದ, ಅಂದರೆ ಕುಂಕುಮದ, ಅಳುಕು ಹೆಚ್ಚು. ಬೆಟ್ಟದ ಮೆಟ್ಟಿಲ ಮೇಲೆ ಈ ಅಳುಕು ಕೊಂಚ ಸಡಿಲಗೊಳ್ಳಬಹುದು. ಅಲ್ಲಿ ಬೋಳುತಲೆಗೆ ಹರಕೆಯೆಂಬ ಗೌರವದ ಕಾರಣವಿದೆ. ಆದರೂ ಎರಡೂ ಒಂದೇ ಅಲ್ಲ. ಮುಡಿ ಕೊಟ್ಟವಳ ಹುಬ್ಬು, ರೆಪ್ಪೆ ಉಳಿದಿರುತ್ತವೆ, ಚಿಕಿತ್ಸೆಯಲ್ಲಿರುವವಳಿಗೆ ಅವೂ ಹೋಗಿರಬಹುದು. ಒಬ್ಬಳು ತಾನಾಗಿ ಕೊಟ್ಟಿದ್ದು, ಇನ್ನೊಬ್ಬಳಿಂದ ಕೇಳದೆ ಕಿತ್ತುಕೊಂಡದ್ದು.

ಬಳೆಯ ಸಂಗತಿ ಇನ್ನೂ ದೀರ್ಘ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ಕೆಲವರ ತೋಳಿಗೆ ಬಾವು ಬರುತ್ತದೆ, ವರ್ಷಗಳ ನಂತರವೂ. ಆ ಕೈಗೆ ಬಿಗಿಯಾದ ಬಳೆ ಬೇಡವೆನ್ನುತ್ತಾರೆ. ಬರಿಗೈಯಲ್ಲಿ ಮದುವೆಮನೆಗೆ ಹೋಗಲಾರದೆ ಮನೆಯಲ್ಲೇ ಉಳಿದವಳನ್ನು ಯಾವ ಮಾಪಕ ಹಿಡಿಯುತ್ತದೆ?

ಸ್ತನ ಕಳೆದುಕೊಳ್ಳುವುದೂ ಎಲ್ಲರಿಗೂ ಅನಿವಾರ್ಯವಲ್ಲ. ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುಳಿಯುವ ಪ್ರಮಾಣ ಕಡಿಮೆಯಾಗದೆಂದು ಅಮೆರಿಕದ ಶಸ್ತ್ರವೈದ್ಯ ಬರ್ನಾರ್ಡ್ ಫಿಷರ್ ತಂಡದ 20 ವರ್ಷಗಳ ಫಲಿತಾಂಶ 2002ರಲ್ಲಿ ತೋರಿಸಿತು. ಆದರೆ ನಮ್ಮಲ್ಲಿ ಅನೇಕರು ರೋಗ ಬಲಿತ ಮೇಲೆ ಬರುತ್ತಾರೆ. ವಾರಗಟ್ಟಲೆ ವಿಕಿರಣಕ್ಕೆ ಊರು ಬಿಟ್ಟು ಉಳಿಯಲಾಗದವರೂ ಇದ್ದಾರೆ. ವಿಶಾಖಪಟ್ಟಣದ ಅಗನಂಪೂಡಿಯಲ್ಲಿರುವ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ವಿಜಯವಾಡದಿಂದ ಸುಮಾರು 350 ಕಿ.ಮೀ. ದೂರ. ದೂರವೂ ಮನೋವೇದನೆಯ ಕಾರಣವೇ.

ಜಾಗತಿಕ ಕ್ಯಾನ್ಸರ್ ಅಂಕಿಅಂಶಗಳ ಸಂಗ್ರಹವಾದ ಗ್ಲೋಬೊಕಾನ್‌ನ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸ್ತನ ಕ್ಯಾನ್ಸರ್‌ನ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು. ಇಷ್ಟು ಮನೆಗಳಲ್ಲಿ ರೋಗದ ಹೆಸರೆತ್ತಲು ಹಿಂಜರಿಕೆಯಿದ್ದರೆ ಅದಕ್ಕೆ ಅಜ್ಞಾನವೊಂದೇ ಕಾರಣವಲ್ಲ; ಮಗಳ ಸಂಬಂಧ ಮುರಿದೀತೆಂಬ ಭಯವೂ ಇದೆ. ಆನುವಂಶಿಕ ಪ್ರಕರಣಗಳು ನೂರಕ್ಕೆ ಐದರಿಂದ ಹತ್ತರಷ್ಟೇ ಎಂದು ಗಂಡ-ಹೆಂಡಿರಿಬ್ಬರನ್ನೂ ಕೂರಿಸಿ ಹೇಳಿದರೆ ಆ ಭಯ ಸ್ವಲ್ಪವಾದರೂ ಇಳಿಯಬಹುದು.

ಆದ್ದರಿಂದ ತೆಲುಗು, ಕನ್ನಡ ರೋಗಿಗಳ ಪ್ರಶ್ನಾವಳಿಗೆ ಬಳೆ, ಕುಂಕುಮ, ಶುಭಕಾರ್ಯಗಳ ಕರೆ ಸೇರಬೇಕು. ಹರಕೆಯ ಬಗ್ಗೆಯೂ ಕೇಳಬೇಕು, ಅದಕ್ಕೆ ವೈದ್ಯಕೀಯ ಕಾರಣವೂ ಇದೆ. ಕೀಮೋಥೆರಪಿಯ ಪ್ರತಿ ಸುತ್ತಿನ ನಂತರ, ಹೆಚ್ಚಾಗಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ, ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ. ಆಗ ಬೆಟ್ಟದ ಮೇಲಿನ ದಸರೆಯ ನೂಕುನುಗ್ಗಲೂ ಕ್ಷೌರದ ಕತ್ತಿಯ ಸಣ್ಣ ಗೀರೂ ಸೋಂಕಿಗೆ ದಾರಿ. ಹರಕೆಯನ್ನು ಮೂಢನಂಬಿಕೆಯೆಂದು ಗದರಿಸಿದರೆ ಆಕೆ ಹೇಳದೆಯೇ ಹೋಗಿಬರುತ್ತಾಳೆ. ಕೇಳಿ ತಿಳಿದುಕೊಂಡ ವೈದ್ಯರು ರಕ್ತಕಣಗಳ ಎಣಿಕೆ ನೋಡಿ, ಜನ ಕಡಿಮೆಯಿರುವ ಒಂದು ದಿನವನ್ನು ಆಕೆಯೊಂದಿಗೆ ಕೂತು ಗೊತ್ತುಮಾಡಬಲ್ಲರು.